ಎಡಗಡೆ ಬಾಗಿಲು ಕೊನೆಗೂ ಕೂತಿತು

ಎಡಗಡೆ ಬಾಗಿಲು ಈಗ ಒಂದೇ ಬೆರಳಲ್ಲಿ ತಳ್ಳಿದರೆ ಮುಚ್ಚಿಕೊಳ್ಳುತ್ತದೆ. ಇದನ್ನು ಬರೆಯುವಾಗಲೂ ನಗು ತಡೆಯಲು ಆಗುತ್ತಿಲ್ಲ. ನಾನು ಬಿಚ್ಚಿ ಮತ್ತೆ ಜೋಡಿಸುತ್ತಿರುವ 1930ರ ಫೋರ್ಡ್ ಮಾಡೆಲ್ ಎ ರೋಡ್‌ಸ್ಟರ್ ಕಾರಿನ ಬಾಡಿ ಚಾಸಿ ಮೇಲೆ, ಅಂದರೆ ಅಡಿಯ ಉಕ್ಕಿನ ಚೌಕಟ್ಟಿನ ಮೇಲೆ, ಇಳಿದು ಬಹಳ ಕಾಲವಾಗಿತ್ತು. ಆದರೆ ಇಳಿಯುವುದು ಬೇರೆ, ಕೂರುವುದು ಬೇರೆ. ತುಕ್ಕು ತೆಗೆದದ್ದು, ಪ್ರೈಮರ್ ಹೊಡೆದದ್ದು, ಪಟ್ಟಿ ಸ್ಪ್ರಿಂಗ್ ಬಿಚ್ಚಿ ಗ್ರೀಸ್ ಹಾಕಿದ್ದು ಎಲ್ಲ ನೀವೂ ಮಾಡಿರುವ ಕೆಲಸವೇ, ಅದನ್ನು ಬಿಡೋಣ. ಈ ಸಲ ಪೂರ್ತಿ ಒಂದು ಬಾಗಿಲಿನ ಸಂದಿನ ಕಥೆ.

ತೊಂದರೆ ಇಷ್ಟು. ಬಾಡಿ ಬೋಲ್ಟ್‌ಗಳು ಸಡಿಲ ಇದ್ದಾಗ ಸಂದು ಮೇಲಿಂದ ಕೆಳಗೆ ಒಂದೇ ಸಮ. ಬಿಗಿ ಮಾಡುತ್ತಾ ಹೋದ ಹಾಗೆ ಬಾಗಿಲಿನ ಲಾಕ್ ಇರುವ ತುದಿ ನಿಧಾನಕ್ಕೆ ಕೆಳಗೆ ಜಾರುತ್ತಿತ್ತು. ಮೇಲೆ ಸಂದು ಮುಚ್ಚಿಕೊಂಡು ತಗಡಿಗೆ ತಗಡು ತಾಗುತ್ತಿತ್ತು, ಕೆಳಗೆ ಬಾಯಿ ಬಿಡುತ್ತಿತ್ತು. ಬಾಡಿ ಪಕ್ಕದಲ್ಲಿ ಉದ್ದಕ್ಕೂ ಓಡುವ ಆ ಉಬ್ಬು ಗೆರೆ ಇದೆಯಲ್ಲ, ಅದು ಬಾಗಿಲು ದಾಟುವಲ್ಲಿ ಮೆಟ್ಟಿಲಾಗಿತ್ತು. ಬಲಗಡೆ ಬಾಗಿಲು ಮಾತ್ರ ಅಚ್ಚುಕಟ್ಟಾಗಿತ್ತು.

ಇಂಥ ಹೊತ್ತಲ್ಲಿ ಹಿಂಜ್ (ಬಾಗಿಲಿನ ಕೀಲು) ಬಗ್ಗಿಸು ಅಂತ ಹೇಳುವವರು ಜಾಸ್ತಿ. ನನಗೆ ಅದು ಒಪ್ಪಿಗೆ ಇಲ್ಲ. ಬಾಗಿಲಿನ ತುದಿ ಹಿಡಿದು ಎತ್ತಿ ನೋಡಿದೆ. ಹಿಂಜ್ ಪಿನ್‌ನಲ್ಲಿ ಸ್ವಲ್ಪವೂ ಆಟ ಇರಲಿಲ್ಲ. ಸರಿಯಿರುವ ಹಿಂಜನ್ನು ಬಗ್ಗಿಸಿದರೆ ಬಾಗಿಲು ಕೂತಂತೆ ಕಾಣುತ್ತದೆ, ಆದರೆ ಬಾಡಿ ಸೊಟ್ಟಗೇ ಉಳಿಯುತ್ತದೆ. ಆಮೇಲೆ ಬಾನೆಟ್ ಹಾಕುವಾಗ ಅದೇ ಸೊಟ್ಟ ಮತ್ತೆ ಎದುರಿಗೆ ಬರುತ್ತದೆ.

ರೋಡ್‌ಸ್ಟರ್‌ಗೆ ಗಟ್ಟಿ ಚಾವಣಿ ಇಲ್ಲ. ಮುಚ್ಚಿದ ಕಾರಲ್ಲಿ ಮುಂದಿನ ಕಂಬವನ್ನೂ ಹಿಂದಿನ ಕಂಬವನ್ನೂ ಮೇಲಿಂದ ಚಾವಣಿ ಹಿಡಿದಿರುತ್ತದೆ. ಇಲ್ಲಿ ಬಾಗಿಲಿನ ಜಾಗದಲ್ಲಿ ಮುಂಭಾಗವನ್ನೂ ಹಿಂಭಾಗವನ್ನೂ ಜೋಡಿಸಿರುವುದು ಕೆಳಗಿನ ಸಿಲ್, ಅಂದರೆ ಬಾಗಿಲಡಿಯ ಹೊಸ್ತಿಲು ಪಟ್ಟಿ, ಒಂದೇ. ಹಾಗಾಗಿ ಚಾಸಿ ಹೇಗಿದೆಯೋ ಬಾಡಿ ಹಾಗೆ. ಹಿಂಜ್ ಇರುವ ಕಂಬದ ಕೆಳಗೆ ಶಿಮ್ (ಎತ್ತರ ಹೊಂದಿಸಲು ಇಡುವ ತೆಳು ತುಂಡು) ಕೊಟ್ಟರೆ ಆ ಕಂಬ ಮುಂದಕ್ಕೆ ವಾಲುತ್ತದೆ, ಲಾಕ್ ತುದಿ ಮೇಲೇಳುತ್ತದೆ. ಅದರ ಮುಂದೆ, ಫೈರ್‌ವಾಲ್ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಹತ್ತಿರದ ಬೋಲ್ಟಿಗೆ ಶಿಮ್ ಕೊಟ್ಟರೆ ಕಂಬ ಹಿಂದಕ್ಕೆ ವಾಲಿ ಲಾಕ್ ತುದಿ ಇಳಿಯುತ್ತದೆ. ಆ ಎರಡು ಬೋಲ್ಟ್‌ಗಳ ನಡುವಿನ ದೂರಕ್ಕಿಂತ ಬಾಗಿಲೇ ಉದ್ದ. ಅದಕ್ಕೇ ಕೆಳಗೆ ಹಾಕಿದ ತೆಳು ಶಿಮ್ ಬಾಗಿಲಿನ ತುದಿಯಲ್ಲಿ ದೊಡ್ಡದಾಗಿ ಕಾಣುವುದು.

ಲೆಕ್ಕ ಸರಿ. ಆದರೆ ಎಡಗಡೆ ಕಂಬದ ಕೆಳಗೆ ಶಿಮ್ ಮೇಲೆ ಶಿಮ್ ಏರಿಸಿದರೂ ಸಾಲುತ್ತಿರಲಿಲ್ಲ. ಮೊದಲು ಅನುಮಾನ ಬಂದದ್ದು ಬಾಡಿಗೂ ಚಾಸಿಗೂ ನಡುವೆ ಇಡುವ ಹೊಸ ರಬ್ಬರ್ ಪ್ಯಾಡ್‌ಗಳ ಮೇಲೆ. ದಪ್ಪ ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಹಿಡಿದೆ. ಒಂದೇ ಪ್ಯಾಕೆಟ್ಟಿನ ಪ್ಯಾಡ್‌ಗಳು, ಒಂದು 6 ಮಿಮೀ, ಇನ್ನೊಂದು 5ಕ್ಕಿಂತ ಕಮ್ಮಿ. ಎರಡು ಪ್ಯಾಡ್ ಉಗುರು ಒತ್ತಿದರೆ ಸ್ಪಂಜಿನ ಹಾಗೆ ಕುಗ್ಗುತ್ತಿದ್ದವು. ಬಾಡಿ ಕೂರುವ ಜಾಗಕ್ಕೆ ಇಂಥ ಮಾಲು ಕಳಿಸುವವರಿಗೆ ಏನು ಹೇಳುವುದು? ಮಾರಿದವರು ‘ಬಿಗಿ ಮಾಡಿದರೆ ಎಲ್ಲ ಸಮ ಆಗುತ್ತೆ’ ಅಂದರು. ಆಗುವುದಿಲ್ಲ ಸ್ವಾಮಿ, ಮೆತ್ತಗಿರುವುದು ಜಾಸ್ತಿ ಕುಗ್ಗುತ್ತದೆ, ಅಷ್ಟೇ. ಒಂದೇ ಗಟ್ಟಿಯ ರಬ್ಬರ್ ಹಾಳೆ ತಂದು ನಾನೇ ಕತ್ತರಿಸಿಕೊಂಡೆ. ಬಲಗಡೆ ಇನ್ನಷ್ಟು ಚೆನ್ನಾಯಿತು. ಎಡಗಡೆ ಅಲ್ಪಸ್ವಲ್ಪ ಸುಧಾರಿಸಿತು, ಮೆಟ್ಟಿಲು ಹಾಗೇ ಇತ್ತು.

ಆಗ ಬಾಡಿ ಮತ್ತೆ ಎತ್ತಿದೆವು. ಚಾಸಿ ಸ್ಟ್ಯಾಂಡ್ ಮೇಲಲ್ಲ, ತನ್ನ ಚಕ್ರಗಳ ಮೇಲೇ ನಿಂತಿತ್ತು, ಎಂಜಿನ್ ಒಳಗಿತ್ತು. ನೋಡಬೇಕಾದದ್ದು ಹೀಗೇ, ಭಾರ ಬಿದ್ದಾಗಿನ ಚಾಸಿಯನ್ನು. ಚಾಸಿಯ ಎರಡು ಪಕ್ಕದ ಉದ್ದ ತೊಲೆಗಳೇ ರೇಲು. ಒಂದೊಂದು ರೇಲಿನ ಎರಡೂ ತುದಿಗೆ 20 ಮಿಮೀ ತುಂಡು ಇಟ್ಟು, ಮೀನಿನ ಗಾಳದ ದಾರ ಬಿಗಿಯಾಗಿ ಎಳೆದು ಕಟ್ಟಿದೆ. ದಾರಕ್ಕೂ ರೇಲಿಗೂ ನಡುವೆ ಬಲಗಡೆ ಎಲ್ಲಿ ಅಳೆದರೂ 20ರ ಆಸುಪಾಸು. ಎಡಗಡೆ ಎಂಜಿನ್ನಿನ ಹಿಂಭಾಗವನ್ನು ರೇಲಿಗೆ ಕೂರಿಸುವ ಮೌಂಟ್ ಹತ್ತಿರ 24. ಸರಿಯಾಗಿ ಅಲ್ಲೇ ರೇಲ್ ಕುಸಿದಿತ್ತು!

ಮಾಡೆಲ್ ಎ ಚಾಸಿ ಅಲ್ಲಿ ಜೋಲು ಬೀಳುವುದು ಹೊಸದೇನಲ್ಲ, ಎಂಜಿನ್ನಿನ ಹಿಂಭಾಗದ ಭಾರ ಸೀದಾ ರೇಲುಗಳ ಮೇಲೆ ಬರುತ್ತದೆ. ಆದರೆ ಒಂದೇ ಕಡೆ ಯಾಕೆ? ಪ್ರೈಮರ್ ಉಜ್ಜಿ ತೆಗೆದಾಗ ಗೊತ್ತಾಯಿತು. ರೇಲಿನ ಮೇಲಿನ ಅಂಚಿನಲ್ಲಿ ಅಂಗೈ ಉದ್ದದ ಹಳೇ ವೆಲ್ಡಿಂಗ್, ಗ್ರೈಂಡರ್‌ನಲ್ಲಿ ನುಣ್ಣಗೆ ಸವರಿ ಮುಚ್ಚಿದ್ದರು. ಯಾವ ಕಾಲದಲ್ಲೋ ಬಿರುಕು ಬಿಟ್ಟದ್ದನ್ನು ಒಂದೇ ಏಟಿಗೆ ಉದ್ದಕ್ಕೂ ಬೆಸೆದಿದ್ದಾರೆ. ಬೆಸುಗೆ ತಣ್ಣಗಾಗುವಾಗ ಎಳೆಯುತ್ತದೆ. ಮೇಲಿನ ಅಂಚು ಎಳೆದರೆ ರೇಲಿನ ತುದಿಗಳು ಮೇಲೇಳುತ್ತವೆ, ಮಧ್ಯ ಕೆಳಗೆ ಹೋಗುತ್ತದೆ. ಬಾಗಿಲಿನ ಮೆಟ್ಟಿಲಿಗೆ ಪೂರ್ತಿ ಉತ್ತರ ಆ ಅಂಗೈ ಜಾಗದಲ್ಲಿತ್ತು.

ಎಂಜಿನ್ ಇಳಿಸಿ, ಹಳೇ ಬೆಸುಗೆ ಕೊರೆದು ತೆಗೆದೆ. ರೇಲಿನ ಕೆಳಗೆ ದಪ್ಪ ಐ ಬೀಮ್, ಎರಡು ತುದಿಗೆ ಸರಪಳಿ, ನಡುವೆ ಜಾಕ್. ಬಿಸಿ ಮಾಡಲಿಲ್ಲ. ಸಮ ಬಂದಲ್ಲಿ ನಿಲ್ಲಿಸಿದರೆ ಕಬ್ಬಿಣ ವಾಪಸ್ ಹೋಗುತ್ತದೆ, ಸ್ವಲ್ಪ ಮುಂದಕ್ಕೇ ಒತ್ತಬೇಕು. ಜಾಕ್ ಹಿಡಿದಿರುವಾಗಲೇ ಬಿರುಕನ್ನು ಸಣ್ಣ ಸಣ್ಣ ತುಂಡಾಗಿ, ಒಂದು ಇಲ್ಲಿ ಒಂದು ಅಲ್ಲಿ, ತಣಿಯಲು ಬಿಟ್ಟು ಬಿಟ್ಟು ಬೆಸೆದೆ. ಆಮೇಲೆ ತೂಗುಗುಂಡು ಬಿಟ್ಟು ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ನೋಡಿದೆ, ಎರಡೂ ಒಂದೇ. ಎಂಜಿನ್ ಕೂರಿಸಿ ಮತ್ತೆ ದಾರ ಕಟ್ಟಿದಾಗ 24 ಇದ್ದಲ್ಲಿ 20.5.

ಜಾಕ್ ಒತ್ತುತ್ತಾ ನಿಂತಾಗ ತಲೆ ಬೇರೆಲ್ಲೋ ಓಡಿತ್ತು. ಮೂಲೆಯಲ್ಲಿ ಬಿಎಸ್‌ಎ ಎಂ21 ಬೈಕ್ ಕಾಯುತ್ತಿದೆ, 591 ಸಿಸಿ ಸೈಡ್ ವಾಲ್ವ್ ಎಂಜಿನ್, ಪಕ್ಕಕ್ಕೆ ಸೈಡ್‌ಕಾರ್ ಚಾಸಿ. ಸೈಡ್‌ಕಾರ್ ಚಕ್ರ ಮುಂದೆ ಸ್ವಲ್ಪ ಒಳಕ್ಕೆ ತಿರುಗಿರಬೇಕು, ಬೈಕ್ ಸ್ವಲ್ಪ ಹೊರಕ್ಕೆ ವಾಲಿರಬೇಕು, ಇಲ್ಲವಾದರೆ ಸೈಡ್‌ಕಾರ್ ಇರುವ ಕಡೆಗೇ ಎಳೆಯುತ್ತಾ ಇರುತ್ತದೆ. ಅದಕ್ಕೂ ಇದೇ ದಾರ, ಇದೇ ತೂಗುಗುಂಡು ಸಾಕು. ಇದು ಮುಗಿದ ಕೂಡಲೇ ಅದರ ಸರದಿ.

ವಾಪಸ್ ಬಾಗಿಲಿಗೆ. ಬಾಡಿ ಇಳಿಸಿ, ಮೊದಲು ಬಾಗಿಲಿನ ಎರಡು ಕಡೆಯ ಬೋಲ್ಟ್, ಆಮೇಲೆ ಮುಂದಿನವು, ಕೊನೆಗೆ ಹಿಂದಿನವು, ಪ್ರತಿ ಸಲ ಅರ್ಧ ಸುತ್ತು ಮಾತ್ರ. ಒಂದೊಂದು ಸುತ್ತಿಗೂ ಬಾಗಿಲು ಮುಚ್ಚಿ ನೋಡಿದೆ. ಎಡ ಕಂಬದ ಕೆಳಗೆ ಒಂದೇ ಒಂದು ತೆಳು ಶಿಮ್ ಬೇಕಾಯಿತು. ಸಂದು ಮೇಲೆ 4 ಮಿಮೀ, ಕೆಳಗೆ 4.5. ಉಬ್ಬು ಗೆರೆ ಮೇಲೆ ಉಗುರು ಎಳೆದರೆ ಎಲ್ಲೂ ತಡೆಯುವುದಿಲ್ಲ.

ಈ ಕಾರಲ್ಲಿ ಪೆಟ್ರೋಲ್ ಟ್ಯಾಂಕೇ ಡ್ಯಾಶ್‌ಬೋರ್ಡಿನ ಮುಂದಿನ ಬಾಡಿಯ ಭಾಗ, ಅಲ್ಲಿಂದ ಪಂಪ್ ಇಲ್ಲದೆ ಪೆಟ್ರೋಲ್ ತಾನಾಗೇ ಕಾರ್ಬ್ಯುರೇಟರಿಗೆ ಇಳಿಯುತ್ತದೆ. ಆ ಭಾಗ ನೆಟ್ಟಗೆ ನಿಂತ ಮೇಲೆ ಈಗ ಬಾನೆಟ್ ಕೆಲಸಕ್ಕೆ ಅರ್ಥ ಬಂತು. ಫೈರ್‌ವಾಲ್‌ನಿಂದ ರೇಡಿಯೇಟರಿಗೆ ಹೋಗುವ ಎರಡು ಸರಳುಗಳ ನಟ್ ತಿರುಗಿಸಿ ರೇಡಿಯೇಟರನ್ನು ಹಿಂದೆ ಮುಂದೆ ಮಾಡಿ ಬಾನೆಟ್ಟಿನ ಸಂದು ಹಿಡಿಯಬೇಕು. ರೇಡಿಯೇಟರಿನ ಕೆಳಗಿನ ಪ್ಯಾಡ್‌ಗಳನ್ನು ಮಾತ್ರ ಈ ಸಲ ಬೇರೆ ಕಡೆಯಿಂದ ತರಿಸುತ್ತಿದ್ದೇನೆ, ಬಂದ ತಕ್ಷಣ ವರ್ನಿಯರ್ ಹಿಡಿದೇ ಪ್ಯಾಕೆಟ್ ಒಡೆಯುವುದು.