ಟೆಕ್ಸಸ್ ತಂಡದ ಪಟ್ಟಿ: ಒಂದು ಬೇಸಿಗೆಯ ಲೆಕ್ಕ

2024, ಏಪ್ರಿಲ್ 28

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಎನ್‌ಎಫ್‌ಎಲ್ ಡ್ರಾಫ್ಟ್ ಈ ವರ್ಷ ನಮ್ಮ ಡೆಟ್ರಾಯಿಟ್‌ನಲ್ಲಿಯೇ ನಡೆದುದರಿಂದ ಗುರುವಾರ ಸಂಜೆ ಕೆಲಸ ಮುಗಿಸಿ ನಾನೂ ಕ್ಯಾಂಪಸ್ ಮಾರ್ಷಿಯಸ್ ಉದ್ಯಾನದ ಸುತ್ತಲಿನ ಜನಜಂಗುಳಿಯೊಳಗೆ ಸೇರಿಕೊಂಡಿದ್ದೆ. ನಮ್ಮ ಮಿಷಿಗನ್ ವಿಶ್ವವಿದ್ಯಾಲಯದ ತಂಡದ ಜೆ.ಜೆ. ಮೆಕಾರ್ಥಿಯ ಹೆಸರು 10ನೆಯದಾಗಿ ಬಂದಾಗ ಜೊತೆಗಿದ್ದ ಗೆಳೆಯರಿಗೆ ಬಂದ ಕೆಲಸ ಮುಗಿಯಿತು. ನನ್ನದು ಆಗ ಆರಂಭವಾಯಿತು. ಸೆಪ್ಟೆಂಬರ್ 7ರಂದು ಮಿಷಿಗನ್ ವಿರುದ್ಧ ಆಡಲು ಅದರ ಊರಾದ ಆನ್ ಆರ್ಬರ್‌ಗೆ ಬರಲಿರುವ ಟೆಕ್ಸಸ್ ವಿಶ್ವವಿದ್ಯಾಲಯದ ತಂಡದ ಆಟಗಾರರ ಪಟ್ಟಿಯನ್ನು ಫೋನಿನಲ್ಲಿ ತೆರೆದಿಟ್ಟುಕೊಂಡು, 16ನೆಯ ಆಯ್ಕೆಯಾಗಿ ಬೈರನ್ ಮರ್ಫಿ, 28ನೆಯ ಆಯ್ಕೆಯಾಗಿ ಝೇವಿಯರ್ ವರ್ದಿ ಹೋದಂತೆಲ್ಲ ಅವರ ಹೆಸರುಗಳ ಮೇಲೆ ಕೆಂಪು ಗೆರೆ ಎಳೆಯುತ್ತ ನಿಂತೆ. ಶನಿವಾರ ಡ್ರಾಫ್ಟ್ ಮುಗಿಯುವ ಹೊತ್ತಿಗೆ ಕೆಂಪು ಗೆರೆಗಳು 11 ಆಗಿದ್ದವು.

ಕಳೆದ ಬೇಸಿಗೆಯಲ್ಲಿ ಇಂಥದೇ ಒಂದು ಪಟ್ಟಿ ಮಾಡಿದ್ದೆ. ಹೈಸ್ಕೂಲಿನಿಂದ ಬರುವಾಗ ಹುಡುಗರ ಪ್ರತಿಭೆಗೆ ಅಂಕದಂತೆ ಕೊಡುವ ನಕ್ಷತ್ರಗಳನ್ನು ಕೂಡಿಸಿ ತಂಡದ ಬಲವನ್ನು ಅಳೆಯಲು ಹೋಗಿ ಗೆಳೆಯರ ನಡುವೆ ನಗೆಪಾಟಲಾಗಿದ್ದೆ. ಆದ್ದರಿಂದ ಈ ಬಾರಿ ನಕ್ಷತ್ರಗಳಿಗೆ ಕಾಲಂ ಇಲ್ಲ. ಹೋದವರಿಗೆ ಕೆಂಪು, ಉಳಿದವರಿಗೆ ಹಸಿರು, ಬೇರೆ ಕಾಲೇಜಿನಿಂದ ಬಂದವರಿಗೆ ನೀಲಿ, ಇನ್ನೂ ದೊಡ್ಡ ಪಂದ್ಯದಲ್ಲಿ ಪೂರ್ಣಾವಧಿ ಆಡಿ ತೋರಿಸದವರಿಗೆ ಹಳದಿ. ಇವಿಷ್ಟೇ ಬಣ್ಣಗಳು.

ಮೊದಲ ದಿನದ ಲೆಕ್ಕದಲ್ಲಿಯೇ ಕಣ್ಣಿಗೆ ಹೊಡೆದದ್ದು ಚೆಂಡು ಹಿಡಿಯುವವರ ಸಾಲು. 2023ರಲ್ಲಿ ವರ್ದಿ 75 ಕ್ಯಾಚ್‌ಗಳಲ್ಲಿ 1,014 ಗಜ, ಅಡೊನಾಯ್ ಮಿಚೆಲ್ 55ರಲ್ಲಿ 845, ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ ಕೆಲಸವನ್ನೂ ಮಾಡುವ, ಚೆಂಡು ಹಿಡಿಯುವವನು) ಜಟೇವಿಯನ್ ಸ್ಯಾಂಡರ್ಸ್ 45ರಲ್ಲಿ 682, ಜೋರ್ಡನ್ ವಿಟಿಂಗ್ಟನ್ 42ರಲ್ಲಿ 505 ಗಜ ಗಳಿಸಿದ್ದರು. ನಾಲ್ವರೂ ಹೋದರು. ಒಟ್ಟು 217 ಕ್ಯಾಚ್, 3,046 ಗಜ ಒಂದೇ ವಾರಾಂತ್ಯದಲ್ಲಿ ಕೆಂಪಾಯಿತು. ಋತುವಿನ ಕೊನೆಯ ಶುಗರ್ ಬೌಲ್ ಪಂದ್ಯದಲ್ಲಿ ವಾಷಿಂಗ್ಟನ್ ಎದುರು 37–31ರಲ್ಲಿ ಸೋತಾಗ ಟೆಕ್ಸಸ್‌ನ ಕೊನೆಯ ಎಸೆತ, ಚೆಂಡು ತಲುಪಿದರೆ ಅಂಕ ಸಿಗುವ ಎಂಡ್ ಝೋನ್‌ನ ಮೂಲೆಯಲ್ಲಿದ್ದ ಮಿಚೆಲ್‌ನ ಕಡೆಗೆ ಹೋಗಿತ್ತು. ಆ ಎಸೆತವನ್ನು ಎಸೆದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಕ್ವಿನ್ ಯೂಅರ್ಸ್ ಉಳಿದಿದ್ದಾನೆ, ಹಿಡಿಯಬೇಕಾಗಿದ್ದವನು ಉಳಿದಿಲ್ಲ.

ಮೇ 12

ಟ್ರಾನ್ಸ್‌ಫರ್ ಪೋರ್ಟಲ್‌ನ ವಸಂತಕಾಲದ ಅವಧಿ ಏಪ್ರಿಲ್ 30ಕ್ಕೆ ಮುಗಿದಿರುವುದರಿಂದ ನೀಲಿ ಬಣ್ಣ ಬಳಿಯುವುದಕ್ಕೆ ಇದು ಸರಿಯಾದ ಸಮಯ. ನಮ್ಮೂರಿನಲ್ಲಿ ಟಿ.ಸಿ. ತೆಗೆದುಕೊಂಡು ಕಾಲೇಜು ಬದಲಿಸುವುದಕ್ಕೆ ಹೆಚ್ಚುಕಡಿಮೆ ಸಮನಾದ ವ್ಯವಸ್ಥೆ ಇದು. ಮೊದಲು ಹೀಗೆ ಬಂದವನು ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಾಗಿತ್ತು, 2021ರ ಬಳಿಕ ಆ ಕಾಯುವಿಕೆ ತಪ್ಪಿದೆ. ಹಾಗಾಗಿ ಏಪ್ರಿಲ್‌ನಲ್ಲಿ ಎಳೆದ ಕೆಂಪು ಗೆರೆಗಳನ್ನು ನೋಡಿ ಹಿಗ್ಗುವ ಕಾಲ ಹೋಯಿತು. ಎದುರಾಳಿಯ ಮನೆಯಲ್ಲಿ ಖಾಲಿಯಾದ ಕುರ್ಚಿಗೆ ಮೂರನೆಯ ಮನೆಯವನು ಬಂದು ಕೂತಿರುತ್ತಾನೆ.

ಚೆಂಡು ಹಿಡಿಯುವ ರಿಸೀವರ್‌ಗಳ ಪೈಕಿ ಅಲಬಾಮಾದಿಂದ ಐಝೇಯಾ ಬಾಂಡ್, ಹ್ಯೂಸ್ಟನ್‌ನಿಂದ ಮ್ಯಾಥ್ಯೂ ಗೋಲ್ಡನ್, ಓರೆಗನ್ ಸ್ಟೇಟ್‌ನಿಂದ ಸೈಲಸ್ ಬೋಲ್ಡನ್ ಬಂದಿದ್ದಾರೆ. ಟೈಟ್ ಎಂಡ್ ಆಗಿ ಅಲಬಾಮಾದಿಂದಲೇ ಅಮಾರಿ ನಿಬ್ಲ್ಯಾಕ್. ಬಾಂಡ್‌ನನ್ನು ಪರಿಚಯಿಸಬೇಕಾಗಿಲ್ಲ. ಕಳೆದ ನವೆಂಬರ್‌ನಲ್ಲಿ ಆಬರ್ನ್ ಎದುರು, ನಾಲ್ಕನೆಯ ಡೌನ್‌ನಲ್ಲಿ, ಅಂದರೆ ಉಳಿದ ಕೊನೆಯ ಯತ್ನದಲ್ಲಿ 31 ಗಜ ಬೇಕಾಗಿದ್ದಾಗ, ಕೊನೆಯ ನಿಮಿಷದಲ್ಲಿ ಎಂಡ್ ಝೋನ್‌ನ ಮೂಲೆಯಲ್ಲಿ ಚೆಂಡು ಹಿಡಿದು ಅಲಬಾಮಾವನ್ನು 27–24ರಿಂದ ಗೆಲ್ಲಿಸಿದವನು ಅವನೇ. ಜನವರಿ 10ರಂದು ಅಲಬಾಮಾದ ಕೋಚ್ ನಿಕ್ ಸೇಬನ್ ನಿವೃತ್ತಿ ಘೋಷಿಸಿದ ಮೇಲೆ ಬಾಂಡ್ ಟೆಕ್ಸಸ್ ತಂಡದ ಊರಾದ ಆಸ್ಟಿನ್‌ನ ದಾರಿ ಹಿಡಿದ. ಮಿಷಿಗನ್‌ನ ರಕ್ಷಕರು ಈ ಜನವರಿಯ ರೋಸ್ ಬೌಲ್ ಪಂದ್ಯದಲ್ಲಿ ಅವನನ್ನು ಎದುರಿಸಿದವರೇ ಆದ್ದರಿಂದ ಅವನ ಓಟ ಅವರಿಗೆ ಹೊಸದಲ್ಲ. ಇದನ್ನು ಪಟ್ಟಿಯ ಬದಿಯಲ್ಲಿ ಸಣ್ಣ ಟಿಪ್ಪಣಿಯಾಗಿ ಬರೆದುಕೊಂಡಿದ್ದೇನೆ. ಇದರಿಂದ ಹೆಚ್ಚೇನೂ ಲಾಭವಿಲ್ಲ ಎಂಬುದೂ ಗೊತ್ತು.

ರಕ್ಷಣೆಯ ಕಡೆ ಸ್ಯಾನ್ ಆಂಟೊನಿಯೊದ ಯುಟಿಎಸ್‌ಎ ವಿಶ್ವವಿದ್ಯಾಲಯದಿಂದ ಟ್ರೇ ಮೂರ್ ಬಂದಿದ್ದಾನೆ, ಕಳೆದ ವರ್ಷ ಒಬ್ಬನೇ 14 ಸ್ಯಾಕ್ ಮಾಡಿದವನು, ಅಂದರೆ ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದವನು. ಕ್ಲೆಮ್ಸನ್‌ನಿಂದ ಬಂದ ಸೇಫ್ಟಿ (ಹಿಂದಿನ ಸಾಲಿನ ರಕ್ಷಕ) ಆಂಡ್ರ್ಯೂ ಮುಕುಬಾಗೆ ಇದು ಊರಿಗೆ ಮರಳಿದಂತೆ, ಅವನು ಹೈಸ್ಕೂಲ್ ಆಡಿದ್ದು ಆಸ್ಟಿನ್‌ನಲ್ಲಿಯೇ. ವಾಷಿಂಗ್ಟನ್‌ನ ಮೈಕಲ್ ಪೆನಿಕ್ಸ್ ಇದೇ ತಂಡದ ಮೇಲೆ 430 ಗಜ ಎಸೆದದ್ದನ್ನು ಕಂಡವರಿಗೆ ಹಿಂದಿನ ಸಾಲಿಗೆ ಯಾರನ್ನಾದರೂ ತರಲೇಬೇಕಾಗಿತ್ತೆಂಬುದು ಹೇಳದೆಯೇ ತಿಳಿಯುತ್ತದೆ.

ಜೂನ್ 16

ಈ ಪಟ್ಟಿಯಲ್ಲಿ ನನಗೆ ಅತಿ ಹೆಚ್ಚು ಸಮಯ ಹಿಡಿದ ಭಾಗ ರಕ್ಷಣೆಯ ಮುಂಚೂಣಿಯ ನಡುವಿನ ಎರಡು ಜಾಗಗಳು. ಕಳೆದ ವರ್ಷ ಅಲ್ಲಿ ಮರ್ಫಿ ಮತ್ತು ಟ್ವಾಂಡ್ರೆ ಸ್ವೆಟ್ ನಿಂತಿದ್ದರು. ದೇಶದ ಅತ್ಯುತ್ತಮ ಒಳಸಾಲಿನ ಆಟಗಾರನಿಗೆ ಕೊಡುವ ಔಟ್‌ಲ್ಯಾಂಡ್ ಟ್ರೋಫಿಯನ್ನು ಸ್ವೆಟ್ ಗೆದ್ದ. ಡ್ರಾಫ್ಟ್‌ಗೆ ಮುಂಚಿನ ತಪಾಸಣೆಯಲ್ಲಿ ಅವನ ತೂಕ 366 ಪೌಂಡ್, ಅಂದರೆ 166 ಕೆ.ಜಿ. ಇಷ್ಟಾಗಿಯೂ ಬಿಗ್ 12 ಎಂಬ ಕಾಲೇಜು ಲೀಗಿನ ಫೈನಲ್‌ನಲ್ಲಿ ಆಕ್ರಮಣದ ಕಡೆ ಬಂದು ಎಂಡ್ ಝೋನ್‌ನಲ್ಲಿ ಅಂಕ ತರುವ ಒಂದು ಟಚ್‌ಡೌನ್ ಚೆಂಡನ್ನೂ ಹಿಡಿದ. ದಾವಣಗೆರೆಯಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಇದನ್ನು ವಿವರಿಸಿದಾಗ ಅವರು ಒಂದು ಕ್ಷಣ ಲೆಕ್ಕ ಹಾಕಿ, “ಮೂರು ಮೂಟೆ ಅಕ್ಕಿಗಿಂತ ಜಾಸ್ತಿ ಆಯ್ತಲ್ಲೋ, ಅದು ಓಡ್ತದೇನೋ?” ಎಂದರು. ಓಡುತ್ತದೆ ಅಪ್ಪ, ತೊಂದರೆ ಇರುವುದೇ ಅಲ್ಲಿ ಎಂದೆ.

ಈ ಎರಡು ಜಾಗಗಳ ಬೆಲೆ ಅಂಕಿ-ಅಂಶಗಳ ಪುಟದಲ್ಲಿ ಕಾಣುವುದಿಲ್ಲ. ಕಳೆದ ಸೆಪ್ಟೆಂಬರ್‌ನಲ್ಲಿ ಟೆಕ್ಸಸ್ ಅಲಬಾಮಾವನ್ನು ಅದರ ನೆಲದಲ್ಲಿಯೇ 34–24ರಿಂದ ಸೋಲಿಸಿದ ಪಂದ್ಯವನ್ನು ಈ ವಾರ ಮತ್ತೆ ನೋಡುವಾಗ ಚೆಂಡನ್ನು ಬಿಟ್ಟು ಬರೀ ನಡುಸಾಲನ್ನೇ ನೋಡಿದೆ. ಸ್ವೆಟ್‌ನನ್ನು ತಡೆಯಲು ಆಕ್ರಮಣದ ಮುಂಚೂಣಿಯ ಸೆಂಟರ್‌ನೂ ಅವನ ಪಕ್ಕದ ಗಾರ್ಡ್‌ನೂ ಸೇರಿ ಇಬ್ಬರು ಬೇಕಾಗುತ್ತಾರೆ. ಇಬ್ಬರು ಅವನಲ್ಲಿ ಸಿಕ್ಕಿಕೊಂಡರೆ ಅವನ ಬೆನ್ನ ಹಿಂದಿರುವ ಲೈನ್‌ಬ್ಯಾಕರ್‌ನನ್ನು ತಡೆಯಲು ಯಾರೂ ಉಳಿದಿರುವುದಿಲ್ಲ, ಅವನು ನೇರವಾಗಿ ಓಟಗಾರನ ಮೇಲೆ ಬೀಳುತ್ತಾನೆ. ಟ್ಯಾಕಲ್ ಲೈನ್‌ಬ್ಯಾಕರ್‌ನ ಖಾತೆಗೆ ಜಮೆಯಾಗುತ್ತದೆ, ಸ್ವೆಟ್‌ನ ಖಾತೆಯಲ್ಲಿ ಸೊನ್ನೆ. ಹಾಗಾಗಿ ಈ ವರ್ಷ ಯುವ ಲೈನ್‌ಬ್ಯಾಕರ್ ಆಂಟನಿ ಹಿಲ್‌ನ ಹೆಸರಿಗೆ ಹಸಿರು ಬಳಿಯುವಾಗಲೂ ನನ್ನ ಕೈ ತಡೆಯಿತು: ಅವನ ಮುಂದೆ ನಿಲ್ಲುವವರು ಯಾರು?

ಉತ್ತರದ ಸ್ಥಾನದಲ್ಲಿ ಆಲ್ಫ್ರೆಡ್ ಕಾಲಿನ್ಸ್ ಮತ್ತು ವರ್ನನ್ ಬ್ರಾಟನ್ ಎಂಬ ಎರಡು ಹೆಸರುಗಳಿವೆ. ಇಬ್ಬರೂ 2020ರಲ್ಲಿ ಸೇರಿದವರು, ಸ್ವೆಟ್ ಮತ್ತು ಮರ್ಫಿಯರ ಹಿಂದೆ ಸರದಿಯಲ್ಲಿ ಆಡಿದವರು. ಇವರಿಗೆ ಆಸರೆಯಾಗಿ ಅರಿಝೋನಾದಿಂದ ಬಿಲ್ ನಾರ್ಟನ್ ಮತ್ತು ಟಿಯಾ ಸವೇಯಾ, ಲೂಯಿವಿಲ್‌ನಿಂದ ಜರ್ಮೇನ್ ಲೋಲೆ ಬಂದಿದ್ದಾರೆ. ಲೋಲೆ ಕಾಲೇಜು ಆಟ ಶುರು ಮಾಡಿದ್ದು 2018ರಲ್ಲಿ. ಕಾಲೇಜಿನಲ್ಲಿ ಆಡುವುದಕ್ಕೆ ಮಿತ ವರ್ಷಗಳಷ್ಟೇ ಸಿಗುತ್ತವೆ, ಆದರೆ ಕೋವಿಡ್‌ನ 2020ನೆಯ ವರ್ಷವನ್ನು ಯಾರ ಲೆಕ್ಕಕ್ಕೂ ಹಿಡಿಯದಿದ್ದ ಕಾರಣ ಇಂಥ ಹಿರಿಯರು ಇನ್ನೂ ಅಂಗಳದಲ್ಲಿದ್ದಾರೆ. ಒಂದೇ ಸ್ಥಾನಕ್ಕೆ ಮೂವರನ್ನು ಹೊರಗಿನಿಂದ ತಂದಿದ್ದಾರೆಂದರೆ ಮುಖ್ಯ ಕೋಚ್ ಸ್ಟೀವ್ ಸಾರ್ಕೀಸಿಯನ್‌ಗೂ ಅಲ್ಲಿಯೇ ಅಳುಕಿದೆ ಎಂದು ನಾನು ಓದಿಕೊಂಡೆ. ಐವರಿಗೂ ಸದ್ಯಕ್ಕೆ ಹಳದಿ.

ಜುಲೈ 14

ಆಕ್ರಮಣದ ಮುಂಚೂಣಿಗೆ ಬಂದರೆ ಪಟ್ಟಿ ಹಸಿರುಗದ್ದೆಯಂತಿದೆ. ಎಡ ಟ್ಯಾಕಲ್ (ಸಾಲಿನ ತುದಿಯವನು) ಕೆಲ್ವಿನ್ ಬ್ಯಾಂಕ್ಸ್, ಎಡ ಗಾರ್ಡ್ ಹೇಡನ್ ಕಾನರ್, ಸೆಂಟರ್ ಜೇಕ್ ಮೇಜರ್ಸ್, ಬಲ ಗಾರ್ಡ್ ಡಿ.ಜೆ. ಕ್ಯಾಂಬೆಲ್, ಹೀಗೆ ಐವರಲ್ಲಿ ನಾಲ್ವರು ಉಳಿದಿದ್ದಾರೆ. ಕ್ರಿಶ್ಚಿಯನ್ ಜೋನ್ಸ್ ಬಿಟ್ಟುಹೋದ ಬಲ ಟ್ಯಾಕಲ್ ಜಾಗಕ್ಕೆ ಮಾತ್ರ ಕ್ಯಾಮರನ್ ವಿಲಿಯಮ್ಸ್ ಹೊಸಬ. ಮೇಜರ್ಸ್ 2021ರಿಂದ, ಬ್ಯಾಂಕ್ಸ್ ಮತ್ತು ಕಾನರ್ 2022ರಿಂದ ಅದೇ ಜಾಗಗಳಲ್ಲಿ ನಿಂತಿದ್ದಾರೆ. ಏಪ್ರಿಲ್‌ನಲ್ಲಿ ನಾನು 3,046 ಗಜ ಹೋಯಿತೆಂದು ಹಿಗ್ಗಿದ್ದು ಎಷ್ಟು ಬಾಲಿಶವೆಂಬುದು ಈಗ ಅರಿವಾಗುತ್ತಿದೆ. ಯೂಅರ್ಸ್‌ಗೆ ಮೂರು ಸೆಕೆಂಡ್ ಸಿಕ್ಕರೆ ಹೊಸ ರಿಸೀವರ್ ಕೂಡ ಹಳಬನಂತೆ ಕಾಣುತ್ತಾನೆ. ಭುಜದ ಗಾಯದಿಂದ ಎರಡು ಪಂದ್ಯ ತಪ್ಪಿಸಿಕೊಂಡೂ ಅವನು ಕಳೆದ ವರ್ಷ 3,479 ಗಜ, 22 ಟಚ್‌ಡೌನ್ ಎಸೆದಿದ್ದ, ಪರರ ಕೈಗೆ ಕೊಟ್ಟದ್ದು ಆರೇ ಚೆಂಡು. ಅವನ ಬೆನ್ನಿಗೆ ಆರ್ಚ್ ಮ್ಯಾನಿಂಗ್ ಇದ್ದಾನೆ, ಎನ್‌ಎಫ್‌ಎಲ್‌ನ ಹೆಸರಾಂತ ಕ್ವಾರ್ಟರ್‌ಬ್ಯಾಕ್‌ಗಳಾಗಿದ್ದ ಪೇಟನ್ ಮತ್ತು ಈಲೈ ಮ್ಯಾನಿಂಗ್‌ರ ಅಣ್ಣನ ಮಗ. ಅವನ ಬಗ್ಗೆ ಇಡೀ ದೇಶವೇ ಬರೆಯುತ್ತಿರುವುದರಿಂದ ನಾನು ಒಂದು ಹಳದಿ ಚೌಕ ಹಾಕಿ ಸುಮ್ಮನಾದೆ.

ಈ ಹಸಿರಿನ ಎದುರು ಮಿಷಿಗನ್‌ಗೆ ಇರುವ ಭರವಸೆ ಮೇಸನ್ ಗ್ರಹಾಂ ಮತ್ತು ಕೆನ್ನೆತ್ ಗ್ರಾಂಟ್ ಎಂಬ, ರಕ್ಷಣೆಯ ನಡುಸಾಲಿನ ಇಬ್ಬರು ಟ್ಯಾಕಲ್‌ಗಳು. ಪಂದ್ಯದ ನಿಜವಾದ ತಿರುಳು ಅಲ್ಲಿದೆ.

ಜುಲೈ 21

ಹತ್ತು ವರ್ಷಗಳಿಗೂ ಮೀರಿದ ಬಿಡುವಿನ ನಂತರ ಕಾಲೇಜು ಫುಟ್‌ಬಾಲ್‌ನ ವಿಡಿಯೊ ಗೇಮ್ ಮೊನ್ನೆ ಶುಕ್ರವಾರ ಬಿಡುಗಡೆಯಾಯಿತು. ಅದರ ಮುಖಪುಟದಲ್ಲಿ ನಮ್ಮ ಡಾನವನ್ ಎಡ್ವರ್ಡ್ಸ್‌ನ ಜೊತೆಯಲ್ಲಿಯೇ ಯೂಅರ್ಸ್ ಇದ್ದಾನೆ. ಮಗ ಟೆಕ್ಸಸ್ ಆರಿಸಿಕೊಂಡು ನನ್ನನ್ನು ಎರಡು ಬಾರಿ ಸೋಲಿಸಿದ. ಪಟ್ಟಿಗೆ ಇದರಿಂದ ಸೇರಿದ್ದು ಏನೂ ಇಲ್ಲ.

ಆಗಸ್ಟ್ 18

ಈ ತಿಂಗಳು ಎರಡು ಬಾರಿ ಬಣ್ಣ ಬದಲಿಸಬೇಕಾಯಿತು. ಜಾನಥನ್ ಬ್ರೂಕ್ಸ್ ಡ್ರಾಫ್ಟ್‌ನಲ್ಲಿ ಹೋದ ಮೇಲೆ ಓಟದ ಹೊಣೆ ಹೊರಬೇಕಾಗಿದ್ದ ಸಿ.ಜೆ. ಬ್ಯಾಕ್ಸ್‌ಟರ್ ಅಭ್ಯಾಸದಲ್ಲಿ ಮಂಡಿಗೆ ಪೆಟ್ಟು ಮಾಡಿಕೊಂಡು ಇಡೀ ಋತುವಿಗೇ ಹೊರಬಿದ್ದ. ಅದರ ಬೆನ್ನಲ್ಲೇ ಹೊಸ ಹುಡುಗ ಕ್ರಿಶ್ಚಿಯನ್ ಕ್ಲಾರ್ಕ್‌ನ ಹಿಮ್ಮಡಿಯ ಸ್ನಾಯುರಜ್ಜುವಿಗೆ ಪೆಟ್ಟಾಯಿತು. ಉಳಿದವರಲ್ಲಿ ಜೇಡನ್ ಬ್ಲೂ ವೇಗದವನು, ಕ್ವಿನ್‌ಟ್ರೆವಿಯನ್ ವಿಸ್ನರ್‌ನನ್ನು ನಾನು ಇನ್ನೂ ಸರಿಯಾಗಿ ನೋಡಿಯೇ ಇಲ್ಲ. ಎದುರಾಳಿಯಾದರೂ ಇಪ್ಪತ್ತರ ಆಸುಪಾಸಿನ ಹುಡುಗರ ಹೆಸರಿನ ಮೇಲೆ ಹೀಗೆ ಗೆರೆ ಎಳೆಯುವುದಕ್ಕೆ ಮನಸ್ಸು ಬರುವುದಿಲ್ಲ. ಅವರಿಬ್ಬರಿಗೆ ಕೆಂಪಿನ ಬದಲು ಬೂದು ಬಣ್ಣ ಹಾಕಿದ್ದೇನೆ.

ಇದೇ ವಾರ ನನ್ನ ಒಂದು ಎಡವಟ್ಟೂ ಬಯಲಾಯಿತು. ಹೊಸ ಜೆರ್ಸಿ ಸಂಖ್ಯೆಗಳನ್ನು ತುಂಬಿ, ಆ ಸಂಖ್ಯೆಯನ್ನೇ ಹಿಡಿದು ಕಳೆದ ವರ್ಷದ ಅಂಕಿಗಳನ್ನು ಎಳೆದುಕೊಳ್ಳುವ ಸೂತ್ರ ಬರೆದಿದ್ದೆ. ಕಾರ್ನರ್‌ಬ್ಯಾಕ್ ಜಾಡೇ ಬ್ಯಾರನ್‌ನ ಸಾಲಿನಲ್ಲಿ 48 ಕ್ಯಾಚ್, 668 ಗಜ, ನಾಲ್ಕು ಟಚ್‌ಡೌನ್ ಬಂದು ಕೂತವು. ಕ್ಯಾಚ್ ತಡೆಯಬೇಕಾದವನ ಖಾತೆಯಲ್ಲಿ ಕ್ಯಾಚ್‌ಗಳು! ಬ್ಯಾರನ್‌ನೂ 7, ಬಾಂಡ್‌ನೂ 7. ಕಾಲೇಜು ಆಟದಲ್ಲಿ ಇಬ್ಬರು ಒಂದೇ ಸಂಖ್ಯೆ ತೊಡಬಹುದು, ಒಂದೇ ಹೊತ್ತಿಗೆ ಇಬ್ಬರೂ ಅಂಗಳದಲ್ಲಿ ಇರುವಂತಿಲ್ಲ ಅಷ್ಟೆ. ಹಿಲ್‌ನೂ ರಿಸೀವರ್ ಡಿಆಂಡ್ರೆ ಮೂರ್‌ನೂ ಸೊನ್ನೆ ತೊಡುತ್ತಾರೆ. ಸಂಖ್ಯೆಯ ಜೊತೆ ಸ್ಥಾನವನ್ನೂ ಸೇರಿಸಿ ಸೂತ್ರ ತಿದ್ದುವುದಕ್ಕೆ ಎರಡು ಸಂಜೆ ಹಿಡಿಯಿತು.

ಸೆಪ್ಟೆಂಬರ್ 1

ನಿನ್ನೆ ಎರಡೂ ತಂಡಗಳ ಮೊದಲ ಪಂದ್ಯ ಮುಗಿಯಿತು. ಟೆಕ್ಸಸ್ ಕೊಲೊರಾಡೊ ಸ್ಟೇಟ್ ತಂಡವನ್ನು 52–0ರಿಂದ ಮಣಿಸಿದೆ. ಮಿಷಿಗನ್ ಫ್ರೆಸ್ನೊ ಸ್ಟೇಟ್ ಎದುರು 30–10ರಿಂದ ಗೆದ್ದಿದೆ, ಆದರೆ ಅದರಲ್ಲಿ ವಿಲ್ ಜಾನ್ಸನ್ 86 ಗಜ ಓಡಿ ತಂದ ಟಚ್‌ಡೌನ್ ರಕ್ಷಣೆಯ ಕೊಡುಗೆ. ನಮ್ಮ ಆಕ್ರಮಣವನ್ನು ನೋಡಿದ ಮೇಲೆ, ಇಡೀ ಬೇಸಿಗೆ ಎದುರಾಳಿಯ ಪಟ್ಟಿಯನ್ನೇ ತಿದ್ದುತ್ತ ಕೂತು ನಾನು ಬಿಟ್ಟುಬಿಟ್ಟಿದ್ದ ಕೆಲಸವನ್ನು ರಾತ್ರಿ ಮಾಡಿದೆ. ಪಕ್ಕದಲ್ಲಿ ಇನ್ನೊಂದು ಹಾಳೆ ತೆರೆದು ಮಿಷಿಗನ್‌ನ ಆಕ್ರಮಣದ ಮುಂಚೂಣಿಯನ್ನು ಅದೇ ಬಣ್ಣಗಳಲ್ಲಿ ತುಂಬಿದೆ. ಝಾಕ್ ಝಿಂಟರ್, ಟ್ರೆವರ್ ಕೀಗನ್, ಡ್ರೇಕ್ ನ್ಯೂಜಂಟ್, ಕಾರ್ಸನ್ ಬಾರ್ನ್‌ಹಾರ್ಟ್, ಲಡೇರಿಯಸ್ ಹೆಂಡರ್ಸನ್, ಎಲ್ಲವೂ ಕೆಂಪು. ಕಳೆದ ಋತುವಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ತಂಡದ ಆ ಸಾಲಿನ ಐವರಲ್ಲಿ ಒಬ್ಬನೂ ಉಳಿದಿಲ್ಲ. ನಾರ್ತ್‌ವೆಸ್ಟರ್ನ್‌ನಿಂದ ಬಂದ ಜಾಶ್ ಪ್ರೀಬಿ ಒಬ್ಬ ನೀಲಿ. ಚೆಂಡು ಎಸೆಯುವ ಡೇವಿಸ್ ವಾರನ್ ಹಳದಿ.

ಟೆಕ್ಸಸ್‌ನ ನಡುಸಾಲು ಸಡಿಲವಾಗಿದೆಯೆಂದು ಜೂನ್‌ನಿಂದ ಹೇಳಿಕೊಂಡು ಬಂದೆ. ಅದು ಈಗಲೂ ನಿಜವಿರಬಹುದು. ಆದರೆ ಸಡಿಲವಾದ ಕದವನ್ನು ತಳ್ಳುವುದಕ್ಕೂ ಭುಜ ಬೇಕು, ಆ ಭುಜಗಳು ಏಪ್ರಿಲ್ ಹೊತ್ತಿಗೇ ನಮ್ಮ ಊರು ಬಿಟ್ಟಿದ್ದವು. ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟಾಗ ನಮ್ಮ ಹಳದಿಯ ಎದುರು ಅವರ ಹಳದಿ, ನಮ್ಮ ಹಸಿರಿನ ಎದುರು ಅವರ ಹಸಿರು ನಿಂತಿದೆ. ವ್ಯತ್ಯಾಸವಿರುವುದು ಕ್ವಾರ್ಟರ್‌ಬ್ಯಾಕ್‌ನ ಸಾಲಿನಲ್ಲಿ ಮಾತ್ರ, ಅದು ಅವರ ಪರವಾಗಿದೆ. ನನ್ನ ಅಂದಾಜು ಟೆಕ್ಸಸ್ ಹತ್ತು ಅಂಕಗಳಿಂದ ಎಂದು ಗೆಳೆಯರ ಗುಂಪಿಗೆ ಬರೆದು ಕಳಿಸಿದೆ. ಇಬ್ಬರು ಉತ್ತರಿಸಲಿಲ್ಲ, ಒಬ್ಬರು ನನ್ನ ನಿಷ್ಠೆಯನ್ನೇ ಪ್ರಶ್ನಿಸಿದರು.

ಈ ಎರಡು ತಂಡಗಳು ಹಿಂದೆ ಎದುರಾದದ್ದು ಒಮ್ಮೆ ಮಾತ್ರ, 2005ರ ಜನವರಿ 1ರ ರೋಸ್ ಬೌಲ್‌ನಲ್ಲಿ. ಕೊನೆಯ ಕಿಕ್‌ನಿಂದ ಟೆಕ್ಸಸ್ 38–37ರಲ್ಲಿ ಗೆದ್ದಿತ್ತು. ಶನಿವಾರ ಮಧ್ಯಾಹ್ನ 12 ಗಂಟೆಗೆ 1,07,601 ಆಸನಗಳ ಕ್ರೀಡಾಂಗಣದಲ್ಲಿ ನನ್ನದು ಮೇಲಿನ ಸಾಲು, ನಡುಸಾಲನ್ನು ನೋಡುವುದಕ್ಕೆ ಅದೇ ಒಳ್ಳೆಯ ಜಾಗ. ಪಟ್ಟಿಯ ಮುದ್ರಿತ ಪ್ರತಿಯನ್ನೂ ಒಂದು ಹಸಿರು, ಒಂದು ಕೆಂಪು ಪೆನ್ನನ್ನೂ ಜೇಬಿನಲ್ಲಿಟ್ಟುಕೊಂಡಿದ್ದೇನೆ. ಕಾಲಿನ್ಸ್ ಮತ್ತು ಬ್ರಾಟನ್‌ರ ಚೌಕಗಳು ಇನ್ನೂ ಹಳದಿಯಾಗಿಯೇ ಇವೆ.