ನೆಲ ಗಟ್ಟಿ ಇತ್ತು, ನಾನೇ ವಾಲಿದೆ

ನಮ್ಮವ್ವನಿಗೆ ಎರಡು ವರ್ಷದಿಂದ ಚಕ್ಕರ್. "ನೆಲಾನೇ ಒಂದ್ ಕಡೆ ಜಗ್ತದ ನೋಡು" ಅನ್ನುತ್ತಾಳೆ. ತೋರಿಸಿದ ಡಾಕ್ಟರೊಬ್ಬರು ವಯಸ್ಸಾಯ್ತು ಅಂದು ಕಳಿಸಿದರು. ನಾನೂ "ಸುಮ್ನೆ ಹೆದರ್ತಿ ಅವ್ವಾ" ಅಂದಿದ್ದೆ.

ಅಕ್ಕನ ಮಗಳು ಇಲ್ಲೇ ಕಲಬುರಗಿಯಲ್ಲಿ ಫಿಜಿಯೋಥೆರಪಿ ಓದುತ್ತಾಳೆ. ಒಳಗಿವಿಗೆ ಸಣ್ಣ ಕರೆಂಟ್ ಕೊಟ್ಟರೆ ನಿಂತ ಮನುಷ್ಯ ಹೇಗೆ ವಾಲುತ್ತಾನೆ ಅಂತ ನೋಡುವ ಪ್ರಾಕ್ಟಿಕಲ್ ಇತ್ತು. "ಮಾಮಾ, ನೀ ಬಾ" ಅಂದಳು. ಹೋದೆ.

ಚಪ್ಪಲಿ ಬಿಟ್ಟು ಶಹಾಬಾದ್ ಫರ್ಸಿಯ ಮೇಲೆ ನಿಂತೆ. ಹೊರಗೆ ಬಿಸಿಲು ಸುಡುತ್ತಿತ್ತು, ಕಲ್ಲು ಮಾತ್ರ ತಣ್ಣಗಿತ್ತು. ಎರಡು ಕಲ್ಲಿನ ನಡುವಿನ ಸಂದಿಗೆ ಸರಿಯಾಗಿ ಪಾದ ಜೋಡಿಸಿ ನಿಲ್ಲಿಸಿದರು. ಎರಡೂ ಕಿವಿಯ ಹಿಂದಿನ ಎಲುಬಿನ ಮೇಲೆ ಉಪ್ಪುನೀರಲ್ಲಿ ನೆನೆಸಿದ ಸ್ಪಂಜು, ಅದಕ್ಕೆ ವೈರು. ಬಲಕ್ಕೆ ಪ್ಲಸ್, ಎಡಕ್ಕೆ ಮೈನಸ್. ಕರೆಂಟು 1 ಮಿಲಿಆಂಪ್ ಅಷ್ಟೇ. "ಕಣ್ಣ್ ಮುಚ್ರಿ, ಬಿದ್ರ ಹಿಡಿತೀವಿ" ಅಂದರು ಸರ್.

ಕಿವಿಯ ಹಿಂದೆ ಇರುವೆ ಕಡಿದಂತಾಯಿತು. ಮರುಗಳಿಗೆ ಮೈ ಬಲಕ್ಕೆ ಹೊರಟಿತು! ಯಾರೂ ಮುಟ್ಟಿರಲಿಲ್ಲ. ಬಲಗಾಲಿನ ಕಿರುಬೆರಳು ಕಲ್ಲನ್ನು ಒತ್ತಿ ಹಿಡಿಯುತ್ತಿದ್ದದ್ದು ಚೆನ್ನಾಗಿ ಗೊತ್ತಾಗುತ್ತಿತ್ತು. ತಡೆಯಬೇಕು ಅಂದುಕೊಂಡರೂ ಆಗಲಿಲ್ಲ.

ಸರ್ ಬಿಡಿಸಿ ಹೇಳಿದರು. ಒಳಗಿವಿಯಲ್ಲಿ ತಲೆ ತಿರುಗಿದ್ದನ್ನು ಹೇಳುವ ಮೂರು ನಳಿಕೆ, ವಾಲಿದ್ದನ್ನು ಹೇಳುವ ಎರಡು ಪುಟ್ಟ ಚೀಲ ಇವೆ. ಅಲ್ಲಿಂದ ಹೊರಡುವ ನರಗಳು ನಾವು ಸುಮ್ಮನೆ ನಿಂತಾಗಲೂ ಮೆದುಳಿಗೆ ಸುದ್ದಿ ಕಳಿಸುತ್ತಲೇ ಇರುತ್ತವೆ. ಮೈನಸ್ ಕಡೆ ಆ ಸುದ್ದಿ ಜಾಸ್ತಿಯಾಗುತ್ತದೆ, ಪ್ಲಸ್ ಕಡೆ ಕಡಿಮೆ. ಮೆದುಳು "ಎಡಕ್ಕೆ ವಾಲುತ್ತಿದ್ದೇನೆ" ಅಂದುಕೊಂಡು ಮೈಯನ್ನು ಬಲಕ್ಕೆ ಒಯ್ಯುತ್ತದೆ. 1800ರ ಸುಮಾರಿಗೆ ಇಟಲಿಯ ವಿಜ್ಞಾನಿ ವೋಲ್ಟಾ ತಾನೇ ಮಾಡಿದ ಬ್ಯಾಟರಿಯ ಕರೆಂಟನ್ನು ತನ್ನ ಕಿವಿಗೇ ಕೊಟ್ಟುಕೊಂಡಿದ್ದನಂತೆ. ತಲೆಯೊಳಗೆ ಏಟು ಬಿದ್ದಂತಾಗಿ, ಏನೋ ಕುದಿಯುವ ಸದ್ದು ಕೇಳಿತಂತೆ. ಎಂಥಾ ಧೈರ್ಯ! ಮನೆಯಲ್ಲಿ ಮಾತ್ರ ಯಾರೂ ಇದನ್ನು ಮಾಡಬೇಡಿ.

ಆಮೇಲೆ ಮುಖ ಎಡಭುಜದ ಕಡೆ ತಿರುಗಿಸಲು ಹೇಳಿದರು. ವೈರು ಅದೇ, ಕರೆಂಟು ಅದೇ. ಈ ಸಲ ಮೈ ಮುಂದಕ್ಕೆ ಹೋಯಿತು. ಬಲಗಿವಿ ಈಗ ಮುಂದಿತ್ತಲ್ವಾ, ಅದಕ್ಕೆ. ಕಣ್ಣು ತೆರೆದಾಗ ವಾಲುವುದು ಕಡಿಮೆಯಾಯಿತು.

ಕೊನೆಗೆ ಮತ್ತೆ ಕಣ್ಣು ಮುಚ್ಚಿಸಿ, ಅಕ್ಕನ ಮಗಳು ನನ್ನ ಕೈ ಹಿಡಿದು ತೋರುಬೆರಳನ್ನು ಗೋಡೆಗೆ ತಾಗಿಸಿದಳು. ಒತ್ತಲಿಲ್ಲ, ಬರೀ ತಾಗಿಸಿದ್ದು. ಮೈ ಎಷ್ಟೋ ತಡೆಯಿತು. ಗೋಡೆ ಎಲ್ಲಿದೆ ಅಂತ ಬೆರಳು ಹೇಳಿದ ಸುದ್ದಿಯನ್ನೂ ಮೆದುಳು ಲೆಕ್ಕಕ್ಕೆ ತಗೊಳ್ಳುತ್ತದಂತೆ.

ನನಗೆ ಅಲ್ಲೇ ಅವ್ವ ನೆನಪಾದಳು. ರಾತ್ರಿ ಬಚ್ಚಲಿಗೆ ಹೋಗುವಾಗ ಬೆರಳನ್ನು ಗೋಡೆಗೆ ಸವರುತ್ತಲೇ ನಡೆಯುತ್ತಾಳೆ. ಸುಣ್ಣದ ಮೇಲೆ ಎದೆಯೆತ್ತರಕ್ಕೆ ಕಪ್ಪು ಗೆರೆ ಬಿದ್ದಿದೆ. ಗೋಡೆ ಹೊಲಸಾಗುತ್ತದೆ ಅಂತ ಎಷ್ಟು ಸಲ ಬೈದಿದ್ದೆನೋ.

ಮನೆಗೆ ಬಂದು ಆ ಗೆರೆ ಹಿಡಿದು ನಡೆದೆ. ನಡುವೆ ಕಬ್ಬಿಣದ ಟ್ರಂಕಿನ ಹತ್ತಿರ ಗೆರೆ ಕಡಿದಿತ್ತು. ಟ್ರಂಕನ್ನು ಎಳೆದು ಆಚೆ ಗೋಡೆಗೆ ಇಟ್ಟೆ. "ಯಾಕೋ ಈಗ ಸರಸ್ತಿ?" ಅಂದಳು ಅವ್ವ. "ನಿಂಗ ಹಾದಿ ಮಾಡ್ಲಿಕತ್ತೀನವ್ವಾ" ಅಂದೆ.