ಅಂಬಾಸಿಡರ್ ಎಂಜಿನ್ನಿಗೆ ಎಣ್ಣೆ ಬೆರೆಸಿದ ಭಾನುವಾರ

ಏಪ್ರಿಲ್ ಬಿಸಿಲಿನಲ್ಲಿ ಹುಬ್ಬಳ್ಳಿಯ ಶೆಡ್ಡಿಗೆ ಬಂದ ಆ ಅಂಬಾಸಿಡರ್‌ನಲ್ಲಿದ್ದದ್ದು ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್. ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ವಂಶದ್ದು: ಪುಶ್‌ರಾಡ್, ಚಪ್ಪಟೆ ತಳದ ಟ್ಯಾಪೆಟ್, ಮೂರು ಮೇನ್ ಬೇರಿಂಗ್. ಹಿಂದಿನ ಸಲ ಆಯಿಲ್ ಬದಲಿಸಿದಾಗಿನಿಂದ ಟ್ಯಾಪೆಟ್ ಸದ್ದು ಜಾಸ್ತಿ, ಎಂಜಿನ್ ಕಾದ ಮೇಲೆ ಐಡ್ಲಿಂಗಿನಲ್ಲಿ ಆಯಿಲ್ ದೀಪ ಮಿಣುಕುತ್ತದೆ ಎಂಬುದು ದೂರು. ಡಿಕ್ಕಿಯಲ್ಲಿದ್ದ ಖಾಲಿ ಡಬ್ಬಿ ನೋಡಿದಾಗ ಅರ್ಧ ಉತ್ತರ ಸಿಕ್ಕಿತು: 10ಡಬ್ಲ್ಯೂ-30, ಎಪಿಐ ಎಸ್‌ಪಿ. ಮೊದಲನೆಯದು ದಪ್ಪದ ನಂಬರು, ಎರಡನೆಯದು ಗುಣಮಟ್ಟದ ದರ್ಜೆ. ಇಂದಿನ ಕಾರಿಗೆ ಒಳ್ಳೆಯ ಎಣ್ಣೆಯೇ. ಈ ಎಂಜಿನ್ನಿಗೆ ಎರಡು ಕಡೆ ಕಡಿಮೆ ಬೀಳುತ್ತದೆ, ದಪ್ಪದಲ್ಲಿ ಮತ್ತು ರಂಜಕದಲ್ಲಿ.

ಟ್ಯಾಪೆಟ್ಟಿನ ತಳ ಕ್ಯಾಮ್ (ವಾಲ್ವ್ ತೆರೆಸುವ ಉಬ್ಬು) ಮೇಲೆ ಉರುಳುವುದಿಲ್ಲ, ಉಜ್ಜುತ್ತದೆ. ಒತ್ತಡ ಬೀಳುವ ಜಾಗ ಒಂದು ಸಣ್ಣ ಗೆರೆಯಷ್ಟು. ಅಲ್ಲಿ ಎಣ್ಣೆಯ ಪೊರೆ ಹರಿದಾಗ ಲೋಹವನ್ನು ಕಾಯುವುದು ಝಡ್‌ಡಿಡಿಪಿ ಎಂಬ ಸತು-ರಂಜಕದ ಸಂಯುಕ್ತ. ಬಿಸಿಗೆ, ಒತ್ತಡಕ್ಕೆ ಅದು ಲೋಹದ ಮೇಲೆ ತೆಳುವಾದ ಗಾಜಿನಂಥ ಪದರ ಕಟ್ಟಿ, ತಾನು ಸವೆದು ಕ್ಯಾಮನ್ನು ಉಳಿಸುತ್ತದೆ. ಆದರೆ ರಂಜಕ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಹಾಗಾಗಿ 2004ರ ಎಸ್‌ಎಂ ದರ್ಜೆಯಿಂದೀಚೆ 10ಡಬ್ಲ್ಯೂ-30ರಂಥ ತೆಳು ಎಣ್ಣೆಗಳಲ್ಲಿ ರಂಜಕ 0.08 ಶೇಕಡಾ, ಅಂದರೆ 800 ಪಿಪಿಎಂ ಮೀರುವಂತಿಲ್ಲ. ಚಪ್ಪಟೆ ಟ್ಯಾಪೆಟ್ಟಿಗೆ 1000ದಿಂದ 1200 ಬೇಕು.

ಹಾಗಂತ ಮೊದಲೇ ಎಣ್ಣೆ ಬೆರೆಸಲು ಕೂರಬಾರದು. ಡಿಪ್‌ಸ್ಟಿಕ್ ಎಳೆದು ಮೂಸಬೇಕು. ಪೆಟ್ರೋಲ್ ವಾಸನೆ ಬಂದರೆ, ಅಥವಾ ಹಾಕದೆಯೇ ಮಟ್ಟ ಏರಿದ್ದರೆ, ಮೆಕ್ಯಾನಿಕಲ್ ಪೆಟ್ರೋಲ್ ಪಂಪಿನ ಡಯಾಫ್ರಮ್ ನೋಡಬೇಕು. ಅದು ಹರಿದರೆ ಪೆಟ್ರೋಲ್ ನೇರ ಚೇಂಬರಿಗೆ, ಅಂದರೆ ಎಂಜಿನ್ ತಳದ ಎಣ್ಣೆ ತೊಟ್ಟಿಗೆ, ಇಳಿಯಬಹುದು. ಎಥೆನಾಲ್ ಬೆರೆತ ಪೆಟ್ರೋಲು ಬಂದ ಮೇಲೆ ಹಳೆಯ ರಬ್ಬರಿನ ಡಯಾಫ್ರಮ್ಮುಗಳನ್ನು ನಂಬುವಂತಿಲ್ಲ. ಅದನ್ನು ಸರಿಮಾಡದೆ ಎಷ್ಟು ದಪ್ಪನೆಯ ಎಣ್ಣೆ ಹಾಕಿದರೂ ವಾರದಲ್ಲಿ ನೀರಾಗುತ್ತದೆ. ಈ ಕಾರಿನಲ್ಲಿ ವಾಸನೆ ಇರಲಿಲ್ಲ.

ನಂತರ ದೀಪದ ಸ್ವಿಚ್ ಬಿಚ್ಚಿ ಅಲ್ಲಿಗೆ ಪ್ರೆಶರ್ ಗೇಜ್. ಚೆನ್ನಾಗಿ ಕಾದ ಮೇಲೆ ಓಟದ ವೇಗದಲ್ಲಿ 50 ಪಿಎಸ್‌ಐ ಆಸುಪಾಸು, ಐಡ್ಲಿಂಗಿನಲ್ಲಿ 15 ಇದ್ದರೆ ಈ ಎಂಜಿನ್ ನೆಮ್ಮದಿಯಾಗಿದೆ ಎನ್ನಬಹುದು. ಇದು ಐಡ್ಲಿಂಗಿನಲ್ಲಿ 9 ತೋರಿಸಿತು, ಓಟದಲ್ಲಿ 40. ಬೇರಿಂಗ್ ಸ್ವಲ್ಪ ಸಡಿಲವಾಗಿದೆ, ಹಾಳಾಗಿಲ್ಲ. ಓಟದಲ್ಲೇ 20ಕ್ಕೆ ಇಳಿದಿದ್ದರೆ ಅದು ಎಣ್ಣೆ ಬೆರೆಸಿ ತೀರುವ ಕಾಯಿಲೆಯಲ್ಲ, ಚೇಂಬರ್ ಇಳಿಸಿ ಬೇರಿಂಗ್ ಶೆಲ್ಲನ್ನೂ ಆಯಿಲ್ ಪಂಪನ್ನೂ ನೋಡಲೇಬೇಕು. ಟ್ಯಾಪೆಟ್ ಗ್ಯಾಪ್ ಕೂಡ ಎಣ್ಣೆಗಿಂತ ಮೊದಲು: ಎಂಜಿನ್ ಬಿಸಿಯಿರುವಾಗ 15 ಥೌ (ಇಂಚಿನ ಸಾವಿರದ ಭಾಗ), ಅಂದರೆ 0.38 ಮಿ.ಮೀ. ಒಂಬತ್ತರ ಲೆಕ್ಕ ಇಲ್ಲಿ ಸುಲಭ. 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದು, 6 ತೆರೆದಾಗ 3, ಹೀಗೆ ಜೋಡಿ ಸಂಖ್ಯೆಯ ಮೊತ್ತ ಒಂಬತ್ತಾಗಬೇಕು. ಗ್ಯಾಪ್ ಸರಿಮಾಡಿದ ಕೂಡಲೇ ಸದ್ದಿನ ಮುಕ್ಕಾಲು ಭಾಗ ಹೋಯಿತು.

ಉಳಿದ ಸದ್ದು ಕೇಳಿ ಪಕ್ಕದ ಗ್ಯಾರೇಜಿನ ಮೇಸ್ತ್ರಿ, "ಅಣ್ಣಾರ, ಅರ್ಧ ಲೀಟರ್ ಗೇರ್ ಆಯಿಲ್ ಬಿಡ್ರಿ, ಎಲ್ಲಾ ಮುಚ್ಚಿ ಹೋಗತೈತಿ" ಅಂದರು. ಬಹಳ ಗ್ಯಾರೇಜುಗಳಲ್ಲಿ ನಡೆಯುವ ಪದ್ಧತಿ ಇದು, ಇದನ್ನು ಬಿಡಿಸಿ ಹೇಳಲೇಬೇಕು. 90 ಎಂಬ ಸಂಖ್ಯೆ ನೋಡಿ ಗೇರ್ ಎಣ್ಣೆ ಎರಡು ಪಟ್ಟು ದಪ್ಪ ಎಂದುಕೊಳ್ಳುತ್ತೇವೆ. ಗೇರ್ ಎಣ್ಣೆಯ ಅಳತೆಪಟ್ಟಿಯೇ ಬೇರೆ. 90 ನಂಬರಿನದು ದಪ್ಪದಲ್ಲಿ ಎಂಜಿನ್ ಎಣ್ಣೆಯ 40–50ರ ಹತ್ತಿರವೇ ಇರುತ್ತದೆ. ಸಿಗುವ ಲಾಭ ಅಷ್ಟಕ್ಕಷ್ಟೆ. ಹೆಚ್ಚು ಒತ್ತಡ ತಾಳಲೆಂದು ಅದರಲ್ಲಿ ಬೆರೆಸಿರುವ ಇಪಿ ಗಂಧಕವಂತೂ ಎಂಜಿನ್ನಿನ ಬಿಸಿಗೆ ತಾಮ್ರ ಬೆರೆತ ಬುಷ್, ಬೇರಿಂಗುಗಳನ್ನು ತಿನ್ನಬಲ್ಲದು. ಮಸಿ ತೊಳೆಯುವ ಡಿಟರ್ಜೆಂಟೂ ಅದರಲ್ಲಿಲ್ಲ.

ಇನ್ನು ಬೆರಕೆ. ದಪ್ಪ ಒಂದರಿಂದ, ರಂಜಕ ಇನ್ನೊಂದರಿಂದ ಸಿಗಲಿ ಎಂದು ಆಯ್ದುಕೊಂಡದ್ದು ಎರಡು ಖನಿಜ ಎಣ್ಣೆಗಳು: ಪೆಟ್ರೋಲ್ ಎಂಜಿನ್ನಿನ 20ಡಬ್ಲ್ಯೂ-50, ಮತ್ತು ಲಾರಿಗಳಿಗೆ ಹಾಕುವ ಸಿಐ-4 ದರ್ಜೆಯ 15ಡಬ್ಲ್ಯೂ-40. ಕಂಪನಿಯ ಡೇಟಾಶೀಟ್ ಪ್ರಕಾರ 100 ಡಿಗ್ರಿಯಲ್ಲಿ ಮೊದಲನೆಯದರ ಸ್ನಿಗ್ಧತೆ, ಅಂದರೆ ದಪ್ಪದ ಅಳತೆ, 18.5 ಸೆಂಟಿಸ್ಟೋಕ್ಸ್, ರಂಜಕ 900 ಪಿಪಿಎಂ, ಎರಡನೆಯದರದು 14.5 ಮತ್ತು 1200. ಶೀಟಿನಲ್ಲಿ ಸತು ಮಾತ್ರ ಕೊಟ್ಟಿದ್ದರೆ ಅದನ್ನು 1.1ರಿಂದ ಭಾಗಿಸಿದರೆ ರಂಜಕದ ಅಂದಾಜು ಸಿಗುತ್ತದೆ.

ರಂಜಕದ ಲೆಕ್ಕ ನೇರ ಸರಾಸರಿ. ಸ್ನಿಗ್ಧತೆಯದು ಹಾಗಲ್ಲ, ಅದಕ್ಕೆ ಲಾಗರಿದಂ ಹಿಡಿದು ಸರಾಸರಿ ತೆಗೆಯಬೇಕು. ತೆಳು ಎಣ್ಣೆಯ ಪ್ರಭಾವ ಯಾವಾಗಲೂ ಒಂದು ಕೈ ಮುಂದೆ. ಅರ್ಧಕ್ಕರ್ಧ ಬೆರೆಸಿದರೆ 16.4 ಬರುತ್ತದೆ. 40 ಮತ್ತು 50 ನಂಬರುಗಳ ಗಡಿ ಇರುವುದೇ 16.3ರಲ್ಲಿ. ಸ್ವಲ್ಪ ಓಡಿ, ಎಣ್ಣೆಯ ದಪ್ಪ ಕಾಯುವ ಪಾಲಿಮರ್ ಸವೆದ ಕೂಡಲೇ ಅದು 40ಕ್ಕೆ ಜಾರುತ್ತದೆ. ಹಾಗಾಗಿ 4 ಲೀಟರಿಗೆ ಎರಡೂವರೆ ಲೀಟರ್ 20ಡಬ್ಲ್ಯೂ-50, ಒಂದೂವರೆ ಲೀಟರ್ 15ಡಬ್ಲ್ಯೂ-40: ಸ್ನಿಗ್ಧತೆ 16.9, ರಂಜಕ 1010 ಪಿಪಿಎಂ ಚಿಲ್ಲರೆ. ಚಳಿಯ ಅಂಕಿಯನ್ನು, ಆ ಡಬ್ಲ್ಯೂ ಮುಂದಿನದನ್ನು, ಕಾಗದದ ಮೇಲೆ ಲೆಕ್ಕ ಹಾಕಲು ಬರುವುದಿಲ್ಲ, ಅದಕ್ಕೆ ಸೊನ್ನೆಗಿಂತ ಬಹಳ ಕೆಳಗಿನ ಉಷ್ಣತೆಯ ಪರೀಕ್ಷೆ ಬೇಕು. ನಮ್ಮ ಹವೆಗೆ ಅದರ ಚಿಂತೆ ಇಲ್ಲ. ಒಂದೇ ಡಬ್ಬಿಯ 20ಡಬ್ಲ್ಯೂ-50ಯಲ್ಲಿ ರಂಜಕ 1000 ಮೇಲಿದೆ ಎಂದು ಶೀಟೇ ಹೇಳಿದರೆ ಈ ಬೆರಕೆಯ ಗೊಡವೆಯೇ ಬೇಡ, ಅದನ್ನೇ ಹಾಕಬೇಕು.

ಲಾರಿ ಎಣ್ಣೆಯನ್ನೇ ಪೂರ್ತಿ ಏಕೆ ಹಾಕಬಾರದು? ಅದರಲ್ಲಿ ಡಿಟರ್ಜೆಂಟ್ ಹೆಚ್ಚು. ವರ್ಷಗಟ್ಟಲೆ ಕೂತ ಮಡ್ಡಿಯನ್ನು ಒಮ್ಮೆಲೇ ಎಬ್ಬಿಸಿದರೆ ಆಯಿಲ್ ಪಂಪಿನ ಜಾಲರಿ ಕಟ್ಟುತ್ತದೆ. ಎಣ್ಣೆ ಕುಡಿಯುವ ಎಂಜಿನ್ನಾದರೆ ಡಿಟರ್ಜೆಂಟಿನ ಲೋಹದ ಲವಣಗಳೇ ಉರಿದು ಬೂದಿಯಾಗಿ ಪ್ಲಗ್ಗಿನ ಮೇಲೆ ಕೂರುತ್ತವೆ. ಸೀಮೆಎಣ್ಣೆ ಹಾಕಿ ಫ್ಲಶ್ ಮಾಡುವುದರ ಅಪಾಯವೂ ಮಡ್ಡಿ ಏಳುವುದೇ, ಜೊತೆಗೆ ಬೇರಿಂಗಿಗೆ ಆ ಹೊತ್ತು ಎಣ್ಣೆಯ ಪೊರೆಯೇ ಇರುವುದಿಲ್ಲ.

ರಂಜಕ ಏರಿಸುವ ಅಡಿಟಿವ್ ಬಾಟಲಿಯ ವಿಷಯದಲ್ಲಿ ಮುಚ್ಚಳದ ಅಳತೆ ನಂಬಬೇಡಿ, ತೂಕದ ಲೆಕ್ಕ ಮಾಡಿ. 4 ಲೀಟರ್ ಎಣ್ಣೆ ಸುಮಾರು 3520 ಗ್ರಾಂ. 1000ದಿಂದ 1200ಕ್ಕೆ ಏರಿಸಲು ಬೇಕಾದ ರಂಜಕ 0.7 ಗ್ರಾಂ. ಬಾಟಲಿಯ ಸಾಂದ್ರದಲ್ಲಿ ರಂಜಕ 8 ಶೇಕಡಾ ಇದ್ದರೆ ಅದರ 8.8 ಗ್ರಾಂ ಸಾಕು, ಎರಡು ಚಮಚಕ್ಕೂ ಕಡಿಮೆ. ಅದೇ ಸಾಂದ್ರವನ್ನು 50 ಗ್ರಾಂ ಸುರಿದರೆ ರಂಜಕ 2100 ದಾಟುತ್ತದೆ, ಆ ಮಟ್ಟದಲ್ಲಿ ಕ್ಯಾಮಿನ ಮೈ ಕಿತ್ತು ಹೊಂಡ ಬೀಳುವ ಭಯ. ಹೊಸ ಕ್ಯಾಮ್ ಕೂರಿಸಿದಾಗ 1200 ಒಳ್ಳೆಯದು. ಓಡಿ ಪಳಗಿದ ಈ ಕ್ಯಾಮಿಗೆ ಬೆರಕೆಯಲ್ಲಿ ಬಂದದ್ದೇ ಸಾಕು, ಏನೂ ಸೇರಿಸಲಿಲ್ಲ. ಲೀಕ್ ನಿಲ್ಲಿಸುವ ಬಾಟಲಿಯಂತೂ ಇಲ್ಲಿ ವ್ಯರ್ಥ. ಅದು ರಬ್ಬರ್ ಸೀಲನ್ನು ಉಬ್ಬಿಸುವ ಔಷಧ. ಈ ಕ್ರ್ಯಾಂಕಿನ ಹಿಂಬದಿಯಲ್ಲಿ ರಬ್ಬರ್ ಸೀಲೇ ಇಲ್ಲ, ಸುರುಳಿ ಗೀರೊಂದು ಎಣ್ಣೆಯನ್ನು ಒಳಕ್ಕೆ ತಳ್ಳುತ್ತಿರುತ್ತದೆ. ಬ್ರೀದರ್ ಪೈಪ್ ಬಿಚ್ಚಿ ತೊಳೆದರೆ ಒಳಗಿನ ಒತ್ತಡ ಇಳಿದು ಸೋರಿಕೆ ತಾನೇ ತಗ್ಗುತ್ತದೆ.

ಬೆರೆಸುವ ಪಾತ್ರೆ ಒಣಗಿರಬೇಕು, ನೀರಿನ ಪಸೆ ಇದ್ದರೂ ಎಣ್ಣೆ ಮಸುಕಾಗುತ್ತದೆ. ಎರಡೂ ಎಣ್ಣೆ ಒಂದೇ ಬಿಸಿಯಲ್ಲಿರುವಾಗ ದಪ್ಪನೆಯದನ್ನು ಮೊದಲು ಸುರಿದು, ತೆಳುವಾದದ್ದನ್ನು ಸೇರಿಸಿ ನಿಧಾನ ಕಲಕಬೇಕು. ಹಿಂದಿನ ರಾತ್ರಿಯೇ ಇದೇ ಪ್ರಮಾಣದ ಸ್ವಲ್ಪ ಬೆರಕೆಯನ್ನು ಗಾಜಿನ ಸೀಸೆಯಲ್ಲಿಟ್ಟಿತ್ತು. ಬೆಳಿಗ್ಗೆ ತಳದಲ್ಲಿ ಕಸ, ಮಬ್ಬು ಇಲ್ಲದಿದ್ದರೆ ಮಾತ್ರ ಮುಂದಿನ ಕೆಲಸ.

ಫಿಲ್ಟರ್ ಬಟ್ಟಲು ಬಿಚ್ಚಿದಾಗ ತೋಡಿನಲ್ಲೇ ಅಂಟಿಕೊಂಡಿರುವ ಹಳೆಯ ರಬ್ಬರ್ ರಿಂಗನ್ನು ಮೊನೆಯಿಂದ ಎಬ್ಬಿಸಿ ತೆಗೆಯಬೇಕು. ಅದರ ಮೇಲೆಯೇ ಹೊಸದನ್ನು ಕೂರಿಸಿದರೆ ಒತ್ತಡ ಏರಿದ ತಕ್ಷಣ ಎಣ್ಣೆಯೆಲ್ಲ ನೆಲಕ್ಕೆ. ಎಣ್ಣೆ ತುಂಬಿದ ಮೇಲೆ ಎಂಜಿನ್ ಹತ್ತದಂತೆ ಕಾಯಿಲ್ ತಂತಿ ಕಳಚಿ, ಗೇಜ್ ಮುಳ್ಳು ಏಳುವ ತನಕ ಸ್ಟಾರ್ಟರ್ ತಿರುಗಿಸಿ, ಆಮೇಲೆ ಎಂಜಿನ್ ಚಾಲು.

ಧಾರವಾಡದ ಕಡೆ ಒಂದು ಸುತ್ತು ಹೋಗಿ ಬಂದಾಗ ಐಡ್ಲಿಂಗಿನಲ್ಲಿ 15, ಓಟದಲ್ಲಿ 50. ಈ ಎಣ್ಣೆಯನ್ನು 1000 ಕಿ.ಮೀ.ಗೇ ಇಳಿಸಬೇಕು, ಎದ್ದ ಮಡ್ಡಿ ಅದರೊಂದಿಗೆ ಹೋಗಲಿ ಎಂದು. ಆಗ ಫಿಲ್ಟರ್ ಕಾಗದ ಬಿಡಿಸಿ ನೋಡುವುದು: ಕಪ್ಪು ಮಡ್ಡಿ ಇದ್ದರೆ ಸಹಜ, ಮ್ಯಾಗ್ನೆಟ್ಟಿಗೆ ಅಂಟುವ ಪುಡಿ ಇದ್ದರೆ ಟ್ಯಾಪೆಟ್ ಕವರ್ ತೆಗೆದು ಒಂದೊಂದೇ ತಳ ಪರೀಕ್ಷಿಸುವುದು. ಎರಡನೆಯ ಬೆರಕೆಯಿಂದ 3000 ಕಿ.ಮೀ. ಅಂತರ ಸಾಕು.